ತಂತಿ ಗಟ್ಟಿಯೋ, ಕುದುರೆ ಎತ್ತರವೋ?

ಓದುಗರ ಪ್ರಶ್ನೆಗಳಿಗೆ ಕೋಲಾರದಿಂದ ಉತ್ತರ

ಈ ಸಲದ ಪತ್ರಗಳಲ್ಲಿ ಜಾಸ್ತಿ ಬಂದಿರುವುದು ತಂತಿಯ ಬಿಗಿತದ ಬಗ್ಗೆ. ಅದರಲ್ಲೂ ಪಿಟೀಲಿನ ಬಳಗದ ದೊಡ್ಡಣ್ಣ ಡಬಲ್ ಬೇಸ್ ಬಗ್ಗೆ. ಆಳೆತ್ತರದ ಈ ವಾದ್ಯ ನಮ್ಮ ಕಡೆ ಇಷ್ಟು ಮನೆಗಳಲ್ಲಿ ಮೂಲೆ ಹಿಡಿದು ನಿಂತಿದೆ ಅಂತ ನನಗೂ ಅಂದಾಜಿರಲಿಲ್ಲ. ಕೆಜಿಎಫ್‌ನ ಪತ್ರವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉತ್ತರ ಉದ್ದವಾಗುತ್ತದೆ. ಆದರೆ ಉಳಿದವರ ಅನುಮಾನಗಳಲ್ಲಿ ಅರ್ಧ ಅಲ್ಲೇ ತೀರುತ್ತವೆ. ಹೊಸಬರಿಗೆ ಒಂದು ಮಾತು: ಕುದುರೆ ಅಂದರೆ ವಾದ್ಯದ ಎದೆಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಂತಿರುವ ಮರದ ತುಂಡು. ನಟ್ ಅಂದರೆ ಬಿರಡೆ ಕಡೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ. ಫಿಂಗರ್‌ಬೋರ್ಡ್ ಅಂದರೆ ಬೆರಳು ಒತ್ತುವ ಹಲಗೆ.

ಅಕ್ಕಾ, ನಮ್ಮ ತಾತ ಕೆಜಿಎಫ್‌ನಲ್ಲಿ ಡಾನ್ಸ್ ಬ್ಯಾಂಡಿನ ಜೊತೆ ಡಬಲ್ ಬೇಸ್ ನುಡಿಸುತ್ತಿದ್ದರು. ಆ ಬೇಸ್ ಈಗ ನನ್ನ ಹತ್ತಿರ ಇದೆ. ಭಾನುವಾರ ಚರ್ಚಿನಲ್ಲಿ ಕಾಯರ್ ಜೊತೆ ನುಡಿಸುತ್ತೇನೆ. ಹೋದ ವರ್ಷ ತಾತನ ಕಾಲದ ಕರುಳಿನ ತಂತಿಗಳನ್ನು ತೆಗೆಸಿ ಸ್ಟೀಲ್ ತಂತಿ ಹಾಕಿಸಿದೆ. ಅವತ್ತಿನಿಂದ ಬೆರಳೆಲ್ಲ ಬೊಬ್ಬೆ. ಎರಡು ಹಾಡು ಮುಗಿಯುವಷ್ಟರಲ್ಲಿ ಎಡಗೈ ಸೋತುಹೋಗುತ್ತದೆ. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯಲ್ಲಿ ಎಫ್ ಸ್ವರ ಒತ್ತಲು ಆಗುವುದೇ ಇಲ್ಲ. ಫಿಂಗರ್‌ಬೋರ್ಡಿನ ತುದಿಯಲ್ಲಿ ಅಳೆದೆ: ಎಲ್ಲಕ್ಕಿಂತ ಸಣ್ಣನೆಯ ಜಿ ತಂತಿ 10 ಮಿ.ಮೀ., ಇ ತಂತಿ 14 ಮಿ.ಮೀ. ಎತ್ತರದಲ್ಲಿದೆ. ನಟ್‌ನಿಂದ ಕುದುರೆಗೆ 106 ಸೆಂ.ಮೀ. ಒಬ್ಬರು ಕುದುರೆಯನ್ನು ಮೇಲಕ್ಕೆ ಸರಿಸಿ ಉದ್ದ ಕಡಿಮೆ ಮಾಡು ಅನ್ನುತ್ತಾರೆ. ಇನ್ನೊಬ್ಬರು ಕಡಿಮೆ ಟೆನ್ಷನ್ ತಂತಿ ತರಿಸು ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಒಬ್ಬ ಓದುಗರು, ರಾಬರ್ಟ್‌ಸನ್‌ಪೇಟೆ

ಸದ್ಯಕ್ಕೆ ಇಬ್ಬರ ಮಾತೂ ಬೇಡ. ನೀವು ಅಳತೆ ಬರೆದು ಕಳಿಸಿದ್ದೀರಲ್ಲ, ಉತ್ತರ ಅದರಲ್ಲೇ ಇದೆ. 'ಬೇಸ್ ತುಂಬಾ ಗಟ್ಟಿ' ಅಂತ ಒಂದೇ ಸಾಲು ಬರೆಯುವವರಿಗೆ ನಾನು ಏನೂ ಹೇಳಲಾರೆ. ನಿಮಗೆ ಹೇಳಬಹುದು.

ಮೊದಲು ಕುದುರೆ ಸರಿಸುವ ವಿಚಾರ. ತಂತಿ ಎಷ್ಟು ಬಿಗಿಯಾಗಿರಬೇಕು ಅನ್ನುವುದನ್ನು ತೀರ್ಮಾನಿಸುವುದು ಮೂರೇ ಸಂಗತಿ: ನುಡಿಯುವ ಉದ್ದ, ಶ್ರುತಿ, ಮತ್ತು ಮೀಟರಿಗೆ ತಂತಿಯ ತೂಕ. ಫ್ರಾನ್ಸಿನ ಪಾದ್ರಿ ಮೆರ್ಸೆನ್ 1636ರಲ್ಲೇ ಈ ಲೆಕ್ಕ ಬರೆದಿಟ್ಟಿದ್ದಾನೆ. ಇವತ್ತಿಗೂ ಅದೇ ನಡೆಯುತ್ತಿದೆ. ಉದ್ದ ಮತ್ತು ಶ್ರುತಿ ಎರಡೂ ಇದರಲ್ಲಿ ವರ್ಗವಾಗಿ ಕೂರುತ್ತವೆ. ನಿಮ್ಮ 106 ಸೆಂ.ಮೀ.ಯನ್ನು 104 ಮಾಡಿದಿರಿ ಅಂತಿಟ್ಟುಕೊಳ್ಳಿ. ಬಿಗಿತ ಶೇ. 4ರಷ್ಟೂ ಇಳಿಯುವುದಿಲ್ಲ. 30 ಕೆಜಿ ಎಳೆಯುತ್ತಿದ್ದ ತಂತಿ 29 ಕೆಜಿ ಎಳೆಯುತ್ತದೆ, ಅಷ್ಟೇ. ಇದು ಬೆರಳಿಗೆ ಗೊತ್ತಾಗುವ ಸಂಗತಿಯೇ ಅಲ್ಲ. ಆದರೆ ಕುದುರೆಯ ಕಾಲು, ಒಳಗೆ ಎದೆಹಲಗೆಗೆ ಆನಿಸಿ ನಿಲ್ಲಿಸಿದ ಸೌಂಡ್‌ಪೋಸ್ಟ್ ಅನ್ನುವ ಮರದ ಕಡ್ಡಿಯಿಂದ ದೂರ ಸರಿಯುತ್ತದೆ. ನಾದ ಕೆಡುತ್ತದೆ. ಎಲ್ಲ ಸ್ವರಗಳ ಜಾಗವೂ ಬದಲಾಗಿ ಕಿವಿ, ಬೆರಳು ಎರಡೂ ಗೊಂದಲಕ್ಕೆ ಬೀಳುತ್ತವೆ. ಒಂದು ಕೆಜಿ ಉಳಿಸಲು ಇಷ್ಟೆಲ್ಲ ಯಾಕೆ?

ಈಗ ಬೆರಳಿನ ಕಡೆಯಿಂದ ನೋಡೋಣ. ನಿಮ್ಮ ಬೆರಳು ತಂತಿಯನ್ನು ಉದ್ದಕ್ಕೆ ಎಳೆಯುವುದಿಲ್ಲ, ಹಲಗೆಯ ಕಡೆಗೆ ಒತ್ತುತ್ತದೆ. ತಂತಿ ಹಲಗೆಯಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟಕ್ಕೆ ತಕ್ಕಂತೆ ಒತ್ತುವ ಬಲ ಬೇಕು. ಎತ್ತರ 10 ಮಿ.ಮೀ.ನಿಂದ 6ಕ್ಕೆ ಇಳಿದರೆ ಒತ್ತುವ ಬಲ ಸುಮಾರು ಶೇ. 40 ಇಳಿಯುತ್ತದೆ. ತಂತಿಯನ್ನು ಬದಲಿಸದೆ, ಶ್ರುತಿಯನ್ನು ಮುಟ್ಟದೆ. ಇಷ್ಟೇ ಅಲ್ಲ. ಒತ್ತಿದಾಗ ತಂತಿ ಸ್ವಲ್ಪ ಹಿಗ್ಗಬೇಕಲ್ಲ, ಆ ಹಿಗ್ಗು ಎತ್ತರದ ವರ್ಗಕ್ಕೆ ತಕ್ಕಂತೆ ಹೋಗುತ್ತದೆ. 10ರಿಂದ 6ಕ್ಕೆ ಬಂದರೆ ಹಿಗ್ಗು ಸುಮಾರು ಮೂರನೇ ಒಂದು ಪಾಲಾಗುತ್ತದೆ. ಸ್ಟೀಲ್ ಹಿಗ್ಗಲು ಒಪ್ಪುವ ವಸ್ತುವಲ್ಲ. ಹಾಗಾಗಿ ಆ ವ್ಯತ್ಯಾಸ ಸ್ಟೀಲ್ ತಂತಿಯಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ನಿಮ್ಮ ತಾತನಿಗೆ ಇದು ಯಾಕೆ ತೊಂದರೆ ಕೊಡಲಿಲ್ಲ? ಅವರ ವಾದ್ಯದ ಕುದುರೆಯನ್ನು ಕೊರೆದಿದ್ದೇ ಕರುಳಿನ ತಂತಿಗೆ. ಕುರಿಯ ಕರುಳಿನ ತಂತಿ ದಪ್ಪ, ಮೆತ್ತಗೆ, ಎಳೆತವೂ ಸಾಮಾನ್ಯವಾಗಿ ಕಡಿಮೆ. ಮೀಟಿದರೆ ದೊಡ್ಡದಾಗಿ ತೂಗಾಡುತ್ತದೆ. ಅದಕ್ಕೆ ಜಾಗ ಬೇಕು. ಅದಕ್ಕೇ ಆಗಿನವರು ಕುದುರೆಯನ್ನು ಎತ್ತರ ಇಡುತ್ತಿದ್ದರು. ಮೈಕು, ಆಂಪ್ಲಿಫೈಯರ್ ಇಲ್ಲದ ಕಾಲದಲ್ಲಿ ಸ್ಯಾಕ್ಸೋಫೋನು, ಡ್ರಮ್ಮುಗಳ ನಡುವೆ ಬೇಸ್ ಕೇಳಿಸಬೇಕಿತ್ತು, ಎತ್ತರದ ತಂತಿಯನ್ನು ಎಳೆದು ಬಿಟ್ಟರೆ ಸದ್ದು ಜೋರು. ಬೇಸ್‌ಗೆ ಸ್ಟೀಲ್ ತಂತಿ ಎಲ್ಲೆಡೆ ಬಂದಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ನಿಮ್ಮ ಮನೆಯಲ್ಲಿ ಈಗ ನಡೆದಿರುವುದು ಇಷ್ಟು: ಕರುಳಿನ ತಂತಿಯ ಎತ್ತರವನ್ನು ಹಾಗೇ ಬಿಟ್ಟು ಅದರ ಮೇಲೆ ಸ್ಟೀಲ್ ಕಟ್ಟಿದ್ದಾರೆ. ಜೊತೆಗೆ ಸ್ಟೀಲ್ ತಂತಿ ಸಣ್ಣ. ಅದೇ ಬಲ ಬೆರಳಿನ ತುದಿಯಲ್ಲಿ ಕಡಿಮೆ ಜಾಗದ ಮೇಲೆ ಬೀಳುತ್ತದೆ. ಬೊಬ್ಬೆ ಏಳದೆ ಇನ್ನೇನು?

ಇನ್ನು ಆ ಎಫ್. ಇದು ಕುದುರೆಯ ತಪ್ಪಲ್ಲ, ನಟ್‌ನ ತಪ್ಪು. ಇ ತಂತಿಯಲ್ಲಿ ಎಫ್ ಬರುವುದು ನಟ್‌ನಿಂದ ಸುಮಾರು 6 ಸೆಂ.ಮೀ. ದೂರದಲ್ಲಿ. ಅಷ್ಟು ಹತ್ತಿರದಲ್ಲಿ ತಂತಿಯನ್ನು ಬಗ್ಗಿಸುವುದು ಬಲು ಕಷ್ಟ. ಲೆಕ್ಕ ಹಾಕಿದರೆ, 30 ಕೆಜಿ ಎಳೆತದ ತಂತಿಗೆ ಅಲ್ಲಿ ಪ್ರತಿ ಒಂದು ಮಿ.ಮೀ. ಎತ್ತರಕ್ಕೆ ಸುಮಾರು ಅರ್ಧ ಕೆಜಿ ಬಲ ಹೆಚ್ಚು ಬೇಕು. ಅದೇ ಒಂದು ಮಿ.ಮೀ. ತಂತಿಯ ನಡುಭಾಗದಲ್ಲಿ ನೂರು ಗ್ರಾಂ ಚಿಲ್ಲರೆ ಅಷ್ಟೇ. ಅಂದರೆ ನಟ್‌ನ ಹತ್ತಿರದ ಒಂದು ಮಿ.ಮೀ. ನಡುವಿನ ನಾಲ್ಕೈದು ಮಿ.ಮೀ.ಗೆ ಸಮ. ಆದರೂ ಎಲ್ಲರೂ ಕುದುರೆಯನ್ನೇ ನೋಡುತ್ತಾರೆ, ನಟ್ ಕಡೆ ಯಾರೂ ತಿರುಗುವುದಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಲಗ್ನಪತ್ರಿಕೆ ತೆಗೆದುಕೊಳ್ಳಿ, ಮಡಚದೆ ಒಂದೇ ಪದರ. ನಟ್‌ನ ಪಕ್ಕದಲ್ಲೇ ಜಿ ತಂತಿಯ ಕೆಳಗೆ ತೂರಿಸಿ. ಸ್ವಲ್ಪ ತಾಗಿ ತಾಗಿ ಹೋದರೆ ಸರಿ ಇದೆ. ಇ ತಂತಿಯ ಕೆಳಗೆ ಇನ್ನೊಂದು ಪದರ ಹಿಡಿಸಬಹುದು. ಇಡೀ ಪತ್ರಿಕೆ ಕವರ್ ಸಮೇತ ಆರಾಮಾಗಿ ನುಗ್ಗಿದರೆ ನಟ್‌ನ ಕಚ್ಚು ಇಳಿಸಬೇಕು ಅಂತ ಅರ್ಥ. ಈ ಕೆಲಸವನ್ನು ನೀವೇ ಮಾಡಬೇಡಿ. ಒಂದು ಉಜ್ಜು ಜಾಸ್ತಿ ಆದರೆ ಖಾಲಿ ತಂತಿ ಹಲಗೆಗೆ ಬಡಿದು ಝರ್ರ್ ಅನ್ನುತ್ತದೆ. ಆಮೇಲೆ ಹೊಸ ನಟ್ ಹಾಕಿಸುವುದೇ ದಾರಿ.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ. ಮೊದಲು ನಟ್. ಆಮೇಲೆ ಫಿಂಗರ್‌ಬೋರ್ಡ್. ಅದರ ಉದ್ದಕ್ಕೂ ಒಂದು ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿ. ನಮ್ಮಪ್ಪ ಚಾಂಪಿಯನ್ ರೀಫ್ ಕಡೆ ಬಡಗಿ ಆಗಿದ್ದರು, ಅವರ ಸ್ಕೇಲನ್ನೇ ನಾನು ಇವತ್ತಿಗೂ ಬಳಸುವುದು. ಹಲಗೆ ನಡುವಿನಲ್ಲಿ ಒಂದಿಷ್ಟು ತಗ್ಗಿರಬೇಕು, ತಂತಿ ತೂಗಲು ಜಾಗಕ್ಕೆ. ತಗ್ಗು ಅತಿಯಾಗಿದ್ದರೆ ಕುದುರೆಯನ್ನು ಎಷ್ಟು ಇಳಿಸಿದರೂ ನಡುವೆ ಗಟ್ಟಿಯಾಗೇ ಇರುತ್ತದೆ. ಉಬ್ಬಿದ್ದರೆ ಇಳಿಸಿದ ಕೂಡಲೇ ಕಿರಗುಟ್ಟುತ್ತದೆ. ಹಾಗಿದ್ದರೆ ಹಲಗೆಯನ್ನು ಹೆರೆಸಿ ಸರಿ ಮಾಡಿಸಿಯೇ ಮುಂದಿನ ಕೆಲಸ. ಕುದುರೆಯ ಸರದಿ ಕೊನೆಗೆ. ಕಮಾನಿನಲ್ಲಿ ನುಡಿಸುವವರಿಗೆ ಸ್ಟೀಲ್ ತಂತಿಯಲ್ಲಿ ಜಿ 6 ಮಿ.ಮೀ., ಇ 9 ಅಥವಾ 10 ಮಿ.ಮೀ. ಇದ್ದರೆ ಹಿತ. ಬರೀ ಬೆರಳಲ್ಲಿ ಮೀಟುವವರು ಇನ್ನೂ ಒಂದು ಮಿ.ಮೀ. ಇಳಿಸುತ್ತಾರೆ. ಕುದುರೆಯ ಕಾಲಿಗೆ, ಎತ್ತರ ಏರಿಳಿಸಲು ತಿರುಗಿಸುವ ಚಕ್ರ ಹಾಕಿಸಿಬಿಡಿ. ಮಳೆಗಾಲ, ಬೇಸಿಗೆ ಎರಡಕ್ಕೂ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಗಟ್ಟಿ ಅನ್ನಿಸಿದರೆ ತಂತಿ ಬದಲಿಸುವ ಮಾತು. ವಿಯೆನ್ನಾದ ಥೋಮಾಸ್ಟಿಕ್ ಕಂಪನಿಯ ಸ್ಪಿರೊಕೋರ್ ತಂತಿ 'ಮಿಟೆಲ್' ಅಂತಲೂ ಬರುತ್ತದೆ, 'ವೈಖ್' ಅಂತಲೂ ಬರುತ್ತದೆ. ವೈಖ್ ಹಗುರ, ಎಳೆತ ಕಡಿಮೆ. ಜರ್ಮನಿಯ ಪಿರಾಸ್ಟ್ರೊದವರ ಆಬ್ಲಿಗಾಟೊ ತಂತಿಯ ಒಳಗೆ ಸ್ಟೀಲಿನ ಬದಲು ಸಿಂಥೆಟಿಕ್ ಎಳೆ ಇದೆ, ಬೆರಳಿಗೆ ಮೆತ್ತಗೆ. ಇನ್ನೊಂದು ಉಪಾಯ ಇದೆ. ಸೋಲೊ ನುಡಿಸುವವರಿಗೆ ಒಂದು ಸ್ವರ ಮೇಲಕ್ಕೆ ಶ್ರುತಿ ಮಾಡುವ ತಂತಿಗಳು ಸಿಗುತ್ತವೆ. ಅವು ಸಾಮಾನ್ಯ ತಂತಿಗಿಂತ ಸಣ್ಣ. ಅವನ್ನು ಮಾಮೂಲಿ ಇ-ಎ-ಡಿ-ಜಿಗೆ ಇಳಿಸಿ ಕಟ್ಟಿದರೆ, ಅವಕ್ಕೆ ಬರೆದ ಎಳೆತಕ್ಕಿಂತ ಶೇ. 20ರಷ್ಟು ಕಡಿಮೆಯಾಗುತ್ತದೆ.

ಆದರೆ ಕಡಿಮೆ ಎಳೆತದ ತಂತಿಗೂ ಒಂದು ಕಾಟ ಇದೆ, ಅಂಗಡಿಯವರು ಅದನ್ನು ಹೇಳುವುದಿಲ್ಲ. ಎಳೆತ ಕಡಿಮೆಯಾದಷ್ಟೂ ತಂತಿ ದೊಡ್ಡದಾಗಿ ತೂಗುತ್ತದೆ. ಹಲಗೆಗೆ ಬಡಿಯುತ್ತದೆ. ಬಡಿಯಬಾರದು ಅಂತ ಕುದುರೆಯನ್ನು ಮತ್ತೆ ಎತ್ತುತ್ತೀರಿ. ದುಡ್ಡು ಕೊಟ್ಟು ತಂದ ಮೆತ್ತನೆಯ ಅನುಭವ ಅಲ್ಲೇ ಹೋಯಿತು. ಕಮಾನು ಹಾಕಿ ಒತ್ತಿದರೆ ಸದ್ದು ಉಸಿರುಗಟ್ಟುತ್ತದೆ, ಶ್ರುತಿಯೂ ಏರುತ್ತದೆ. ಚರ್ಚಿನಲ್ಲಿ ಕಮಾನಿನಲ್ಲಿ ಉದ್ದ ಸ್ವರ ಹಿಡಿಯುವ ನಿಮಗೆ ಅದು ಬೇಕಾಗಿಲ್ಲ. ಒಂದು ಸೆಟ್ ತಂತಿಗೆ ಹತ್ತಾರು ಸಾವಿರ ಕೊಡುವ ಮೊದಲು ನಟ್‌ಗೆ ಖರ್ಚು ಮಾಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಸ್ಟೀಲ್ ತಂತಿಗಳು ನಾಲ್ಕೂ ಸೇರಿ 110 ಕೆಜಿಗಿಂತ ಜಾಸ್ತಿ ಎಳೆಯುವುದು ಮಾಮೂಲು. ತಾತನ ಬೇಸ್ ಅಷ್ಟು ಭಾರಕ್ಕೆ ಒಗ್ಗಿದ್ದಲ್ಲ. ಕುದುರೆಯ ಕಾಲಿನ ಸುತ್ತ ಮರ ತಗ್ಗಿದೆಯಾ, ಸೌಂಡ್‌ಪೋಸ್ಟ್ ಇರುವ ಕಡೆ ಸೀಳು ಬಿಟ್ಟಿದೆಯಾ, ಟಾರ್ಚ್ ಹಿಡಿದು ನೋಡಿ. ಅನುಮಾನ ಬಂದರೆ ಕೆಳತುದಿಯಲ್ಲಿ ತಂತಿಗಳನ್ನು ಹಿಡಿದಿರುವ ಹುರಿ ಹಾಯುವ ಪಟ್ಟಿ, ಅಂದರೆ ಸ್ಯಾಡಲ್, ಎತ್ತರ ಮಾಡಿಸಬಹುದು. ಕುದುರೆಯ ಮೇಲೆ ತಂತಿ ಬಾಗುವ ಕೋನ ಚಪ್ಪಟೆಯಾಗುತ್ತದೆ, ಮರದ ಮೇಲಿನ ಒತ್ತಡ ಇಳಿಯುತ್ತದೆ. ತಂತಿಯ ಎಳೆತ ಇದರಿಂದ ಬದಲಾಗುವುದಿಲ್ಲ. ಕೆಳಕ್ಕೆ ಒತ್ತುವ ಪಾಲು ಮಾತ್ರ ಕಡಿಮೆಯಾಗುತ್ತದೆ. ಮತ್ತೆ, ತಂತಿ ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದೊಂದೇ ಬದಲಿಸಿ. ಎಲ್ಲ ಬಿಚ್ಚಿದರೆ ಒಳಗಿನ ಸೌಂಡ್‌ಪೋಸ್ಟ್ ಬಿದ್ದುಹೋಗಬಹುದು. ಅದು ಉರುಳುವ ಸದ್ದು ಕೇಳಿಸಿದರೆ ತಂತಿಗಳನ್ನು ಮತ್ತೆ ಬಿಗಿಯದೆ ರಿಪೇರಿಯವರ ಹತ್ತಿರ ಹೋಗಿ.

ಮೇಡಂ, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ಕಾಲೇಜಿನ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತೇನೆ. ನೀವು ಹೇಳುವ ಸೂತ್ರ ನನಗೆ ಗೊತ್ತು. ಅದರಲ್ಲಿ ನಟ್‌ನಿಂದ ಕುದುರೆವರೆಗಿನ ಉದ್ದ ಮಾತ್ರ ಬರುತ್ತದೆ. ಕುದುರೆಯಿಂದ ಆಚೆಗಿನ ತಂತಿ ಲೆಕ್ಕಕ್ಕೇ ಇಲ್ಲ. ಆದರೆ ತಂತಿಗಳ ಕೆಳತುದಿ ಕಟ್ಟಿರುವ ಟೇಲ್‌ಪೀಸನ್ನು ಹಿಡಿದಿರುವ ದಪ್ಪ ಸ್ಟೀಲ್ ಕೇಬಲ್ ತೆಗೆದು ಕೆವ್ಲಾರ್ ಹುರಿ ಹಾಕಿದ ಮೇಲೆ ತಂತಿ ಮೆತ್ತಗಾಗಿದೆ. ಇದು ನನ್ನ ಭ್ರಮೆಯಾ?
– ಒಬ್ಬ ವಿದ್ಯಾರ್ಥಿ, ತುಮಕೂರು

ಭ್ರಮೆ ಅಲ್ಲ ತಮ್ಮಾ. ಸೂತ್ರವೂ ಸುಳ್ಳಲ್ಲ. ಸೂತ್ರ ಹೇಳುವುದು ತಂತಿ ಸುಮ್ಮನೆ ಶ್ರುತಿಯಲ್ಲಿ ನಿಂತಿರುವಾಗಿನ ಎಳೆತವನ್ನು. ನಿಮ್ಮ ಬೆರಳು ಕೇಳುತ್ತಿರುವುದು ಬೇರೆ ಪ್ರಶ್ನೆ: 'ನಾನು ಪಕ್ಕಕ್ಕೆ ಎಳೆದಾಗ ಈ ತಂತಿ ಎಷ್ಟು ಬಿಟ್ಟುಕೊಡುತ್ತದೆ?'

ಮೀಟಲು ಎಳೆದಾಗ ತಂತಿ ಹಿಗ್ಗಬೇಕು. ಹಿಗ್ಗುವುದು ನಟ್ ಮತ್ತು ಕುದುರೆಯ ನಡುವಿನ ಭಾಗ ಮಾತ್ರ ಅಲ್ಲ. ತಂತಿ ಕುದುರೆಯ ಮೇಲೆ, ನಟ್‌ನ ಕಚ್ಚಿನಲ್ಲಿ ಕೂದಲೆಳೆಯಷ್ಟು ಜಾರುತ್ತದೆ. ಆಗ ಬಿರಡೆಯಿಂದ ಟೇಲ್‌ಪೀಸ್‌ವರೆಗಿನ ಇಡೀ ಉದ್ದ ಹಿಗ್ಗನ್ನು ಹಂಚಿಕೊಳ್ಳುತ್ತದೆ. ಒಟ್ಟು ಉದ್ದ ಜಾಸ್ತಿ ಇದ್ದಷ್ಟೂ ಎಳೆತ ಏರುವುದು ನಿಧಾನ, ಬೆರಳಿಗೆ ಮೆತ್ತಗೆ. ಟೇಲ್‌ಪೀಸನ್ನು ಹಿಡಿದಿರುವ ಹುರಿ ಕೂಡ ಅದೇ ಸಾಲಿನಲ್ಲಿ ಇದೆ. ಮೊಂಡು ಕೇಬಲ್ ಬಗ್ಗುವುದಿಲ್ಲ, ಟೇಲ್‌ಪೀಸನ್ನು ಒಂದೇ ಭಂಗಿಯಲ್ಲಿ ಹಿಡಿದುಬಿಡುತ್ತದೆ. ಬಾಗುವ ಹುರಿ ಟೇಲ್‌ಪೀಸಿಗೆ ಅಲುಗಾಡಲು ಬಿಡುತ್ತದೆ. ಅದು ಅಲುಗಾಡಿದರೆ ಕುದುರೆಯೂ ಸ್ವಲ್ಪ ಸಡಿಲವಾಗಿ ಕಂಪಿಸುತ್ತದೆ. ನಿಮಗೆ ಗೊತ್ತಾಗಿದ್ದು ಇದು.

ಎರಡು ತಂತಿಗಳ ಎಳೆತ ಕೆಜಿಯಲ್ಲಿ ಒಂದೇ ಇದ್ದರೂ ಒಂದು ಮೆತ್ತಗೆ, ಇನ್ನೊಂದು ಕಬ್ಬಿಣದ ಸರಳಿನಂತೆ ಅನ್ನಿಸುವುದೂ ಇದೇ ಕಾರಣಕ್ಕೆ. ಒಳಗಿನ ಎಳೆ ಕರುಳಿನದೋ, ಸಿಂಥೆಟಿಕ್ಕೋ, ಹುರಿಗೊಳಿಸಿದ ಸ್ಟೀಲೋ, ಒಂಟಿ ಸ್ಟೀಲೋ ಅನ್ನುವುದರ ಮೇಲೆ ಹಿಗ್ಗುವ ಗುಣ ನಿಂತಿದೆ. ಪ್ಯಾಕೆಟ್ಟಿನ ಮೇಲಿನ ಕೆಜಿ ಅಂಕಿ ಅದನ್ನು ಹೇಳುವುದಿಲ್ಲ. ಹಾಗಾಗಿ ಬೇರೆ ಬೇರೆ ಕಂಪನಿಗಳ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಬರೆದು 'ಇದು ಅದಕ್ಕಿಂತ ಮೆತ್ತಗೆ' ಅನ್ನುವವರನ್ನು ನಾನು ನಂಬುವುದಿಲ್ಲ. ಒಂದೇ ಕಂಪನಿಯ ಒಂದೇ ತಂತಿಯ ಹಗುರ ಮತ್ತು ಭಾರದ ಮಾದರಿಗಳನ್ನು ಹೋಲಿಸಲು ಆ ಅಂಕಿ ಸರಿ.

ಲೆಕ್ಕದ ಹುಡುಗ ನೀವು, ಇದನ್ನೂ ಮಾಡಿ ನೋಡಿ. ಇ ತಂತಿಯ ಕಂಪನ ಸೆಕೆಂಡಿಗೆ 41.2, ಜಿ ತಂತಿಯದು 98. ಎರಡಕ್ಕೂ ಒಂದೇ ಎಳೆತ ಇರಬೇಕಾದರೆ ಇ ತಂತಿ ಜಿಗಿಂತ ಎಷ್ಟು ಪಟ್ಟು ಭಾರ ಇರಬೇಕು? ಐದೂವರೆ ಪಟ್ಟಿಗಿಂತ ಜಾಸ್ತಿ. 105 ಸೆಂ.ಮೀ. ಉದ್ದದಲ್ಲಿ 30 ಕೆಜಿ ಎಳೆತಕ್ಕೆ ಇ ತಂತಿ ಮೀಟರಿಗೆ ಸುಮಾರು 39 ಗ್ರಾಂ ತೂಗಬೇಕಾಗುತ್ತದೆ. ಅಷ್ಟು ತೂಕವನ್ನು ಒಂಟಿ ಸರಳಿನಲ್ಲಿ ತಂದರೆ ಅದು ಬಗ್ಗುವುದೇ ಇಲ್ಲ. ಅದಕ್ಕೇ ಒಳಗೆ ಬಾಗುವ ಎಳೆ ಇಟ್ಟು ಮೇಲೆ ಲೋಹದ ಪಟ್ಟಿ ಸುತ್ತುವುದು. ತೂಕ ಸುತ್ತಿನಿಂದ, ಬಲ ಒಳಗಿನ ಎಳೆಯಿಂದ.

ಬೆಂಗಳೂರಿನ ಒಂದು ಆರ್ಕೆಸ್ಟ್ರಾದಲ್ಲಿ ನುಡಿಸಲು ದಿನಾ ಕೋಲಾರದಿಂದ ಓಡಾಡುತ್ತೇನೆ. ಇ ತಂತಿಯನ್ನು ಕೆಳಗಿನ ಸಿ ಸ್ವರದವರೆಗೆ ಉದ್ದ ಮಾಡುವ ಎಕ್ಸ್‌ಟೆನ್ಷನ್ ಹಾಕಿಸಬೇಕೆಂದಿದ್ದೇನೆ. ಅಷ್ಟು ಕೆಳಗೆ ಹೋದರೆ ತಂತಿ ಜೋಲು ಬೀಳುವುದಿಲ್ಲವೇ?
– ಓದುಗರು, ಕೋಲಾರ

ಬೀಳುವುದಿಲ್ಲ. ಬಿರಡೆ ಸಡಿಲಿಸಿ ಇ ತಂತಿಯನ್ನು ಸಿಗೆ ಇಳಿಸಿದರೆ ಜೋಲು ಬೀಳುತ್ತದೆ, ಎಳೆತ ಶೇ. 37 ಇಳಿದುಹೋಗುತ್ತದೆ. ಎಕ್ಸ್‌ಟೆನ್ಷನ್‌ನಲ್ಲಿ ಹಾಗಲ್ಲ. ಶ್ರುತಿ ಇಳಿದಷ್ಟೇ ಪಾಲು ಉದ್ದ ಏರುತ್ತದೆ: 105 ಸೆಂ.ಮೀ. ಇದ್ದದ್ದು 132 ಆಗುತ್ತದೆ. ಒಂದು ಇನ್ನೊಂದನ್ನು ಸರಿದೂಗಿಸಿ ಎಳೆತ ಮೊದಲಿನಷ್ಟೇ ಉಳಿಯುತ್ತದೆ. ಅದೇ ತಂತಿಯ ಮೇಲೆ ಬೆರಳು ಮೇಲೆ ಕೆಳಗೆ ಸರಿಸಿದಾಗ ಎಳೆತ ಬದಲಾಗುವುದಿಲ್ಲವಲ್ಲ, ಹಾಗೆ.

ಅನುಭವದಲ್ಲಿ ಮಾತ್ರ ಎರಡು ವ್ಯತ್ಯಾಸ ಕಾಣುತ್ತದೆ. ತಂತಿಯ ಒಟ್ಟು ಉದ್ದ ಏರಿದ್ದರಿಂದ ಇ ತಂತಿ ಉಳಿದ ಮೂರಕ್ಕಿಂತ ಚೂರು ಮೆತ್ತಗೆ ಅನ್ನಿಸಬಹುದು. ಮತ್ತೆ, ಅದಕ್ಕೆ ಉದ್ದನೆಯ ತಂತಿಯೇ ಬೇಕು, ಮಾಮೂಲಿ ಇ ತಂತಿ ಸಾಲುವುದಿಲ್ಲ. ಕೊಳ್ಳುವಾಗ ಕೇಳಿಯೇ ತರಿಸಿ. ಸಂಜೆಯ ಬಸ್ಸಿಗೆ ಅಷ್ಟುದ್ದದ ಬೇಸ್ ಹೇಗೆ ಹತ್ತಿಸುತ್ತೀರೋ, ಆ ಲೆಕ್ಕ ನನ್ನ ಹತ್ತಿರ ಇಲ್ಲ.

ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಮಗ ಬೇಸ್ ಕಲಿಯುತ್ತಿದ್ದಾನೆ. ಅವನ ತಂತಿಗಳ ಎರಡು ತುದಿಗೂ ಬಣ್ಣದ ದಾರ ಸುತ್ತಿದೆ. ಅಂಗಡಿಯವರು ಅದನ್ನು ಸಿಲ್ಕ್ ಅನ್ನುತ್ತಾರೆ. ನಿಜವಾಗಲೂ ರೇಷ್ಮೆಯಾ? ಅದು ಯಾಕೆ ಬೇಕು? ಬಿರಡೆ ಕಡೆಯ ದಾರ ನಟ್ ದಾಟಿ ಹಲಗೆಯ ಮೇಲೆ ಬಂದಿದೆ, ತೊಂದರೆ ಇದೆಯಾ?
– ಓದುಗರು, ಶಿಡ್ಲಘಟ್ಟ

ಗೂಡಿನ ಮಾರ್ಕೆಟ್ ಊರಿನವರನ್ನು ರೇಷ್ಮೆ ವಿಷಯದಲ್ಲಿ ಏಮಾರಿಸಲು ಆಗುತ್ತದಾ? ಹೆಸರು ಸಿಲ್ಕ್ ಅಂತ ಉಳಿದಿದೆ, ಈಗ ಹೆಚ್ಚಿನವು ಬೇರೆ ದಾರ. ಒಂದು ಎಳೆ ಬಿಚ್ಚಿ ಸುಟ್ಟು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಆದರೆ ಹಳೆಯ ತಂತಿಯಲ್ಲಿ ನೋಡಿ, ಹೊಸದರಲ್ಲಿ ಬೇಡ.

ಅದರ ಕೆಲಸ ಬಿರಡೆಯಲ್ಲಿ ಲೋಹ ಜಾರದಂತೆ ಹಿಡಿತ ಕೊಡುವುದು, ಬಗ್ಗುವ ಜಾಗದಲ್ಲಿ ಲೋಹದ ಸುತ್ತು ಬಿಡಿಸಿಕೊಳ್ಳದಂತೆ ಕಾಯುವುದು. ಬಣ್ಣ ನೋಡಿ ಯಾವ ಕಂಪನಿಯ ಯಾವ ತಂತಿ ಅಂತ ಗುರುತು ಹಿಡಿಯಬಹುದು.

ದಾರ ನಟ್ ದಾಟಿ ಹಲಗೆಯ ಮೇಲೆ ಬಂದಿದ್ದರೆ ಅದು ತೊಂದರೆಯೇ. ದಾರ ಸುತ್ತಿದ ಭಾಗ ನುಡಿಯುವ ಉದ್ದದೊಳಗೆ ಬಂದರೆ ಆ ತುಂಡಿನ ತೂಕ ಬೇರೆ, ಬಾಗುವ ಗುಣ ಬೇರೆ. ಸ್ವರ ಮಂಕಾಗುತ್ತದೆ, ಶ್ರುತಿ ಸರಿಯಾಗಿ ಕೂರುವುದಿಲ್ಲ. ಕುದುರೆಯ ಈಚೆಗೆ ಬಂದರೂ ಅದೇ ಕಥೆ. ಸಾಮಾನ್ಯ ಕಾರಣ ವಾದ್ಯದ ಅಳತೆಗೆ ತಂತಿ ಹೊಂದದಿರುವುದು. ವಾದ್ಯಕ್ಕಿಂತ ಚಿಕ್ಕ ಅಳತೆಯ ತಂತಿ ಕಟ್ಟಿದರೆ ಬಿರಡೆ ಕಡೆಯ ದಾರ ಹಲಗೆಗೆ ಬರುತ್ತದೆ. ಮುಕ್ಕಾಲು ಅಳತೆಯ, ಅಂದರೆ ದೊಡ್ಡವರ ಮಾಮೂಲಿ ಬೇಸ್‌ನ ತಂತಿಯನ್ನು ಚಿಕ್ಕ ಬೇಸ್‌ಗೆ ಕಟ್ಟಿದರೆ ಟೇಲ್‌ಪೀಸ್ ಕಡೆಯ ದಾರ ಕುದುರೆಯ ಈಚೆಗೆ ಬರಬಹುದು. ಎಳೆತವೂ ಕಡಿಮೆಯಾಗುತ್ತದೆ, ಯಾಕೆಂದರೆ ಉದ್ದ ಕಡಿಮೆ. 106 ಸೆಂ.ಮೀ.ಗೆ ಮಾಡಿದ ತಂತಿಯನ್ನು 95 ಸೆಂ.ಮೀ. ವಾದ್ಯಕ್ಕೆ ಹಾಕಿದರೆ ಶೇ. 20ರಷ್ಟು ಸಡಿಲ. ಮಗನ ಬೇಸ್‌ನ ಉದ್ದ ಅಳೆದು, ಆ ಅಳತೆಗೇ ಮಾಡಿದ ತಂತಿ ತರಿಸಿ. ಹುಡುಗ ಚಿಕ್ಕವನು, ದೊಡ್ಡ ತಂತಿ ಹೇಗಿದ್ದರೂ ಮುಂದೆ ಆಗುತ್ತದೆ ಅಂತ ಶರ್ಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮಾರ್ಚ್ ತಿಂಗಳಲ್ಲಿ ನನ್ನ ಬೇಸ್‌ನ ತಂತಿ ಹಲಗೆಗೆ ಬಡಿಯುತ್ತದೆ. ಅಕ್ಟೋಬರ್ ಮಳೆಯಲ್ಲಿ ಒತ್ತಲಾಗದಷ್ಟು ಗಟ್ಟಿಯಾಗುತ್ತದೆ. ಮಳೆಗೆ ತಂತಿ ಬಿಗಿಯಾಗುತ್ತದೆಯೇ?
– ಓದುಗರು, ಗೌರಿಬಿದನೂರು

ತಂತಿ ಅಲ್ಲ, ಮರ. ತೇವ ಹೀರಿದ ಮರ ಎಳೆಗೆ ಅಡ್ಡವಾಗಿ ಉಬ್ಬುತ್ತದೆ, ಉದ್ದಕ್ಕೆ ಅಲ್ಲ. ಬೇಸ್‌ನ ಎದೆಹಲಗೆ ಅಷ್ಟು ಅಗಲ. ಅದರ ಪಕ್ಕದ ಅಂಚುಗಳು ಅಂಟಿಕೊಂಡಿವೆ, ಆಚೆಗೆ ಹೋಗಲು ಜಾಗ ಇಲ್ಲ. ಹಾಗಾಗಿ ನಡುವೆ ಮೇಲಕ್ಕೆ ಏಳುತ್ತದೆ. ಅದರ ಮೇಲೆ ನಿಂತಿರುವ ಕುದುರೆಯೂ ಏಳುತ್ತದೆ. ತಂತಿಯ ಎತ್ತರ ಹೆಚ್ಚುತ್ತದೆ. ನೀವು ಶ್ರುತಿಯನ್ನು ಸರಿ ಮಾಡಿಕೊಂಡಿರುತ್ತೀರಿ, ಹಾಗಾಗಿ ಎಳೆತ ಹೆಚ್ಚುಕಡಿಮೆ ಮಾರ್ಚಿನಷ್ಟೇ ಇರುತ್ತದೆ. ಎತ್ತರ ಮಾತ್ರ ಬೇರೆ. ಬೇಸಿಗೆಯಲ್ಲಿ ಇದು ಉಲ್ಟಾ.

ಕುದುರೆಯ ಕಾಲಿಗೆ ಚಕ್ರ ಇದ್ದರೆ ಅರ್ಧ ಸುತ್ತು, ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು. ತಿರುಗಿಸುವ ಮೊದಲು ತಂತಿಗಳನ್ನು ಸ್ವಲ್ಪ ಸಡಿಲಿಸಿ, ಎರಡೂ ಕಡೆ ಸಮ ತಿರುಗಿಸಿ. ಆಮೇಲೆ ಕುದುರೆ ನೆಟ್ಟಗೆ ನಿಂತಿದೆಯಾ ಅಂತ ಪಕ್ಕದಿಂದ ನೋಡಿ. ಚಕ್ರ ಬೇಡ ಅನ್ನುವವರು ಬೇಸಿಗೆಗೊಂದು, ಮಳೆಗಾಲಕ್ಕೊಂದು ಕುದುರೆ ಇಟ್ಟುಕೊಳ್ಳುತ್ತಾರೆ. ಪ್ಲೈವುಡ್ ಬೇಸ್‌ಗಳಲ್ಲಿ ಈ ಏರಿಳಿತ ಕಡಿಮೆ. ಪ್ಲೈ ಅಂದರೆ ಮೂಗು ಮುರಿಯುವವರು ಬಹಳ. ಆದರೆ ನಮ್ಮ ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಘನಮರದ ವಾದ್ಯ ಸೀಳಿದಾಗ ಪ್ಲೈನ ಬೆಲೆ ಗೊತ್ತಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ವಾದ್ಯ ಇಡುವ ಕೋಣೆಯಲ್ಲಿ ಅಗಲಬಾಯಿಯ ಪಾತ್ರೆಯಲ್ಲಿ ನೀರಿಡಿ. ಫ್ಯಾನ್ ಗಾಳಿ ನೇರ ಬೀಳದಿರಲಿ.

ತಾಯೀ, ನಾವು ಕೈವಾರದ ತಾತಯ್ಯನವರ ತತ್ವಪದ ಹಾಡುವವರು. ತಂಬೂರಿಯನ್ನು ಹಾರ್ಮೋನಿಯಂನ ಬಿಳಿ ಒಂದಕ್ಕೆ ಶ್ರುತಿ ಮಾಡಿ ಹಾಡುತ್ತಿದ್ದೆವು. ಈಗ ಹೊಸ ಹುಡುಗರು ಬಂದಿದ್ದಾರೆ, ಕಪ್ಪು ಎರಡು ಬೇಕು ಅನ್ನುತ್ತಾರೆ. ಅದೇ ತಂತಿ ಬಿಗಿದರೆ ತುಂಡಾಗುತ್ತದೆ, ಸಣ್ಣ ತಂತಿ ಹಾಕಿ ಅಂತ ಒಬ್ಬರು ಹೇಳಿದರು. ಡಬಲ್ ಬೇಸ್ ಪ್ರಶ್ನೆಗಳ ನಡುವೆ ನಮ್ಮದಕ್ಕೂ ಉತ್ತರ ಕೊಡುತ್ತೀರಾ?
– ಓದುಗರು, ಚಿಂತಾಮಣಿ ತಾಲ್ಲೂಕು

ಕೊಡದೆ ಏನು, ತಂತಿಗೆ ಎಲ್ಲ ವಾದ್ಯವೂ ಒಂದೇ.

ಬಿಳಿ ಒಂದರಿಂದ ಕಪ್ಪು ಎರಡಕ್ಕೆ ಮೂರು ಅರ್ಧಸ್ವರ. ಅದೇ ತಂತಿಯಲ್ಲಿ ಅಷ್ಟು ಏರಿಸಿದರೆ ಎಳೆತ ಶೇ. 41 ಏರುತ್ತದೆ. ನಾಲ್ಕೂ ತಂತಿಗೆ ಹೀಗೆ ಏರಿದರೆ ತಂಬೂರಿಯ ದಂಡಿ, ಬುರುಡೆ ಎರಡರ ಮೇಲೂ ಭಾರ. ಹಳೆಯ ವಾದ್ಯವಾದರೆ ದಂಡಿ ಬಗ್ಗಬಹುದು. ಆ ಕಾರಣಕ್ಕೆ ಸಣ್ಣ ತಂತಿ ಹಾಕುವುದು ಸರಿ. ಈಗಿನದಕ್ಕಿಂತ ಶೇ. 16 ಸಣ್ಣದು ಹಾಕಿದರೆ ಎಳೆತ ಮೊದಲಿನಷ್ಟೇ ಉಳಿಯುತ್ತದೆ. 0.30 ಮಿ.ಮೀ. ಇದ್ದರೆ 0.25 ತನ್ನಿ.

ಆದರೆ ಸಣ್ಣದು ಹಾಕಿದರೆ ತುಂಡಾಗುವುದಿಲ್ಲ ಅನ್ನುವುದು ತಪ್ಪು. ಸುತ್ತು ಇಲ್ಲದ ಬರೀ ಉಕ್ಕಿನ ತಂತಿ ಯಾವ ಶ್ರುತಿಗೆ ಹರಿಯುತ್ತದೆ ಅನ್ನುವುದು ಅದರ ಉದ್ದ ಮತ್ತು ಉಕ್ಕಿನ ಗುಣದ ಮೇಲಿದೆ, ದಪ್ಪದ ಮೇಲಲ್ಲ. ದಪ್ಪ ತಂತಿಗೆ ಎಳೆತ ಜಾಸ್ತಿ ಬೇಕು, ಆದರೆ ತಡೆಯುವ ಶಕ್ತಿಯೂ ಅಷ್ಟೇ ಪಾಲು ಜಾಸ್ತಿ. ಸಣ್ಣದಕ್ಕೆ ಎರಡೂ ಕಡಿಮೆ. ಲೆಕ್ಕ ಸಮ. ನಿಮ್ಮ ತಂತಿ ಹರಿಯುತ್ತಿದ್ದರೆ ಬಿರಡೆಯ ಹತ್ತಿರ ಮಡಿಕೆ ಬಿದ್ದಿದೆಯಾ, ತುಕ್ಕು ಹಿಡಿದಿದೆಯಾ, ಮೇರುವಿನ (ಬಿರಡೆ ಕಡೆ ತಂತಿ ಕೂರುವ ಪಟ್ಟಿಯ) ಕಚ್ಚು ಚೂಪಾಗಿದೆಯಾ ನೋಡಿ. ಬಹುಪಾಲು ಅಲ್ಲೇ ಹರಿಯುವುದು. ತುಕ್ಕು ಹಿಡಿದದ್ದನ್ನು ಒರೆಸಿ ಬಳಸಬೇಡಿ, ತೆಗೆದುಹಾಕಿ.

ತಂತಿ ಬದಲಿಸಿದ ಮೇಲೆ ಜೀವದ ದಾರಗಳನ್ನು, ಅಂದರೆ ಕುದುರೆಯ ಮೇಲೆ ತಂತಿಯ ಕೆಳಗೆ ಇಡುವ ನೂಲುಗಳನ್ನು, ಹೊಸದಾಗಿ ಕೂರಿಸಬೇಕು. ಹಳೆಯ ಜಾಗದಲ್ಲೇ ಬಿಟ್ಟರೆ ಝೇಂಕಾರ ಬರುವುದಿಲ್ಲ. ಶ್ರುತಿ ಪೂರ್ತಿ ನಿಂತ ಮೇಲೆ, ಒಂದೊಂದೇ ತಂತಿಯನ್ನು ಮೀಟುತ್ತಾ ದಾರವನ್ನು ಕೂದಲಷ್ಟು ಕೂದಲಷ್ಟು ಸರಿಸಿ. ಅವಸರ ಬೇಡ. ಹೊಸ ತಂತಿ ಎರಡು ಮೂರು ದಿನ ಇಳಿಯುತ್ತಲೇ ಇರುತ್ತದೆ. ಭಜನೆ ಶನಿವಾರ ಇದ್ದರೆ ಬುಧವಾರವೇ ಕಟ್ಟಿ.